ದೂರ ಸರಿದವರ ಮನೆಗೆ ಹೋಗುವಾಗ: ಕೆಲವು ಅನುಭವದ ಪಾಠಗಳು

ಉತ್ತರ ಕರ್ನಾಟಕದ ನಮ್ಮ ಪ್ರಾಟೆಸ್ಟೆಂಟ್ ಸಭೆಗಳು ಹಳೆಯವು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. ಅಲ್ಲಿಂದ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ಸಭೆಗಳು ಹುಟ್ಟಿದವು. ಇಂದು ಅಲ್ಲಿ ಆರಾಧನೆಗೆ ಕೂರುವ ಅನೇಕರು ಐದನೆಯ, ಆರನೆಯ ತಲೆಮಾರಿನವರು. ಅವರಿಗೆ ನಂಬಿಕೆ ಹಿರಿಯರ ಆಸ್ತಿಯ ಹಾಗೆ ಕೈಗೆ ಬಂದಿದೆ. ಹಾಗೆ ಬಂದದ್ದು ಹೋಗುವಾಗಲೂ ಸದ್ದು ಮಾಡುವುದಿಲ್ಲ. ಯಾರೂ ಎದ್ದು ನಿಂತು "ನಾನು ಬಿಟ್ಟೆ" ಎಂದು ಹೇಳುವುದಿಲ್ಲ. ಕ್ರಿಸ್ಮಸ್ಸಿಗೆ ಹೊಸ ಬಟ್ಟೆ ಇರುತ್ತದೆ, ಮದುವೆ ಚರ್ಚಿನಲ್ಲೇ ಆಗುತ್ತದೆ, ಮನೆಯ ಗೋಡೆಯ ಮೇಲೆ ವಾಕ್ಯದ ಕ್ಯಾಲೆಂಡರ್ ತೂಗುತ್ತಿರುತ್ತದೆ. ಒಳಗೆ ಮಾತ್ರ ಪ್ರಾರ್ಥನೆ ನಿಂತು ವರ್ಷಗಳಾಗಿರುತ್ತವೆ.

ನಾನು ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಸಭೆಯಲ್ಲಿ ಮೊದಲು ಸ್ತ್ರೀ ಸಮಾಜದ ಕೆಲಸ ಮಾಡಿದೆ, ಆಮೇಲೆ ಹಿರಿಯರ ಮಂಡಳಿಗೆ ಬಂದೆ. ಮನೆ ಭೇಟಿ ಬಹುಕಾಲದಿಂದ ನನ್ನ ಪಾಲಿನ ಸೇವೆ. ಆ ಮನೆಗಳಲ್ಲಿ ಕುಳಿತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಊರನ್ನೂ ಹೇಳುವುದಿಲ್ಲ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ದೂರ ಹೋದವರ ಹೃದಯವನ್ನು ತಿರುಗಿಸುವುದು ದೇವರ ಕೆಲಸ. ಅವರು ಒಂಟಿಯಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಈ ಎರಡನ್ನು ಅದಲುಬದಲು ಮಾಡಿಕೊಂಡಾಗಲೇ ನಮ್ಮಿಂದ ಹೆಚ್ಚು ಹಾನಿಯಾಗುತ್ತದೆ.

1. ಗೈರುಹಾಜರಿಗಿಂತ ಮೊದಲೇ ಗುರುತು ಸಿಗುತ್ತದೆ

ಒಬ್ಬರು ಮೂರು ನಾಲ್ಕು ಭಾನುವಾರ ಕಾಣದಿದ್ದಾಗ ನಮಗೆ ಎಚ್ಚರವಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ನಾನು ಕಂಡ ಮಟ್ಟಿಗೆ ಜನ ಮೊದಲು ಬಿಡುವುದು ಕರ್ತನ ಭೋಜನವನ್ನು. ತಿಂಗಳ ಮೊದಲ ಭಾನುವಾರ ಎಲ್ಲರೂ ಸಾಲಾಗಿ ಎದ್ದು ಮುಂದೆ ಹೋಗುವಾಗ ಇವರು ಬೆಂಚಿನಲ್ಲೇ ಉಳಿಯುತ್ತಾರೆ, ಇಲ್ಲವೆ ಪ್ರಸಂಗ ಮುಗಿದ ಕೂಡಲೇ ಮಗುವಿನ ನೆವ ಹೇಳಿ ಹೊರಗೆ ಹೋಗುತ್ತಾರೆ. ಆಮೇಲೆ ಹಾಡು ನಿಲ್ಲುತ್ತದೆ. ಗಾಯಕವೃಂದದಲ್ಲಿ ದನಿ ಎತ್ತಿ ಹಾಡುತ್ತಿದ್ದವರು ಪುಸ್ತಕ ತೆರೆದು ಸುಮ್ಮನೆ ನಿಂತಿರುತ್ತಾರೆ. ಅದರ ನಂತರ ಮನೆಯ ಸಂಜೆ ಪ್ರಾರ್ಥನೆ. ಇದನ್ನು ಸಂಡೇ ಸ್ಕೂಲಿನಲ್ಲಿ ಮಕ್ಕಳೇ ಹೇಳಿಬಿಡುತ್ತವೆ: "ಈಗ ನಮ್ಮನ್ಯಾಗ ಪ್ರಾರ್ಥನಾ ಮಾಡಂಗಿಲ್ರಿ ಅಕ್ಕೋರ." ಭಾನುವಾರ ತಪ್ಪುವುದು ಇಷ್ಟೆಲ್ಲ ಆದ ಮೇಲೆ.

ಮಾಸಿಕ ಚಂದಾ ಯಾರು ಕೊಟ್ಟಿಲ್ಲ ಎಂಬುದು ಖಜಾಂಚಿಗೆ ತಿಂಗಳು ತಿಂಗಳೂ ಗೊತ್ತಿರುತ್ತದೆ. ಯಾರು ಕರ್ತನ ಮೇಜಿಗೆ ಬಂದಿಲ್ಲ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಇದು ನನ್ನನ್ನು ಬಹಳ ನೋಯಿಸಿದೆ. ಮೊದಲ ಗುರುತು ಕಂಡಾಗ ಹೋದರೆ ಒಂದು ಸಂಜೆಯ ಮಾತು ಸಾಕಾಗುತ್ತದೆ. ಒಂದು ವರ್ಷ ಬಿಟ್ಟು ಹೋದರೆ, ಅವರ ಭಾನುವಾರ ಬೇರೆ ಕೆಲಸಗಳಿಂದ ತುಂಬಿಹೋಗಿರುತ್ತದೆ. ಸಿಟ್ಟೂ ಇರುವುದಿಲ್ಲ, ನೋವೂ ಇರುವುದಿಲ್ಲ, ರೂಢಿ ತಪ್ಪಿರುತ್ತದೆ. ಸಿಟ್ಟಿದ್ದವರ ಜೊತೆ ಮಾತಾಡಬಹುದು. ರೂಢಿ ತಪ್ಪಿದವರ ಜೊತೆ ಮಾತು ಶುರುಮಾಡುವುದೇ ಕಷ್ಟ.

ಬೆಂಗಳೂರು, ಪುಣೆಗೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರ ವಿಷಯವನ್ನು ಇದರ ಜೊತೆಗೇ ಹೇಳಬೇಕು. ಅವರ ಹೆಸರು ನಮ್ಮ ರಿಜಿಸ್ಟರಿನಲ್ಲಿರುತ್ತದೆ, ಅವರು ಪಿಜಿ ರೂಮಿನಲ್ಲಿರುತ್ತಾರೆ. ತಾಯಿ ಇಲ್ಲಿ, ಮಗ ಅಲ್ಲಿ ಚರ್ಚಿಗೆ ಹೋಗುತ್ತಿದ್ದಾನೆ ಎಂದುಕೊಂಡಿರುತ್ತಾಳೆ. ಊರು ಬಿಡುವ ವಾರವೇ ಅವರ ಕೈಗೆ ಸದಸ್ಯತ್ವ ವರ್ಗಾವಣೆ ಪತ್ರ ಕೊಡಿ. ಆ ಊರಿನ ಕನ್ನಡ ಸಭೆಯ ಒಬ್ಬರ ಫೋನ್ ನಂಬರ್ ಕೊಡಿ. ನೀವೇ ಆ ನಂಬರಿಗೆ ಫೋನ್ ಮಾಡಿ, ಇಂಥ ಮಗು ಬರುತ್ತಿದೆ, ಊಟಕ್ಕೆ ಕರೆಯಿರಿ ಎಂದು ಹೇಳಿ. ಮೊದಲ ಎರಡು ತಿಂಗಳಲ್ಲಿ ಒಂದು ಮನೆಯ ಊಟ ಸಿಕ್ಕವರು ಬಹುಮಟ್ಟಿಗೆ ಉಳಿದಿದ್ದಾರೆ.

2. ಕಾರಣ ಒಂದೇ ಎಂದುಕೊಳ್ಳಬೇಡಿ

ಬರದಿದ್ದವರೆಲ್ಲ ನಂಬಿಕೆ ಕಳೆದುಕೊಂಡವರಲ್ಲ. ಒಬ್ಬರಿಗೆ ನಿಜವಾಗಿಯೂ ದೇವರ ಬಗ್ಗೆ ಸಂಶಯ ಬಂದಿರುತ್ತದೆ. ಇನ್ನೊಬ್ಬರಿಗೆ ದೇವರ ಮೇಲೆ ಯಾವ ಸಂಶಯವೂ ಇಲ್ಲ, ಪಕ್ಕದ ಬೆಂಚಿನವರ ಮುಖ ನೋಡಲಾಗುವುದಿಲ್ಲ. ಕುಡಿತಕ್ಕೆ ಬಿದ್ದ ಗಂಡಸು ನಾಚಿಕೆಯಿಂದ ಬರುವುದಿಲ್ಲ. ಸಾಲ ಕೊಟ್ಟವನು ಅದೇ ಚರ್ಚಿನಲ್ಲಿ ಕೂರುತ್ತಾನೆಂದು ಸಾಲಗಾರ ಬರುವುದಿಲ್ಲ. ಮಗು ತೀರಿಕೊಂಡ ತಾಯಿ ಕೃತಜ್ಞತೆಯ ಹಾಡು ಕೇಳಲಾರದೆ ಬರುವುದಿಲ್ಲ. ಗಂಡ ಬಿಟ್ಟ ಹೆಣ್ಣುಮಗಳು ನಾಲ್ಕು ಜನರ ಪ್ರಶ್ನೆಗೆ ಹೆದರಿ ಬರುವುದಿಲ್ಲ. ಇವರೆಲ್ಲರಿಗೂ ನಾವು ಒಂದೇ ಮಾತು ಹೇಳುತ್ತೇವೆ: ಪ್ರಾರ್ಥನೆ ಮಾಡಿ, ವಾಕ್ಯ ಓದಿ, ಚರ್ಚಿಗೆ ಬನ್ನಿ.

ಯೂದನ ಚಿಕ್ಕ ಪತ್ರಿಕೆ ಒಂದೇ ಪುಟದಷ್ಟಿದೆ. ಅದರ ಕೊನೆಯಲ್ಲಿ ಅವನು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಸಂಶಯದಲ್ಲಿರುವವರಿಗೆ ಕರುಣೆ ತೋರಿಸಬೇಕು, ಕೆಲವರನ್ನು ತಡಮಾಡದೆ ಅಪಾಯದಿಂದ ಎಳೆಯಬೇಕು, ಇನ್ನು ಕೆಲವರ ವಿಷಯದಲ್ಲಿ ಕರುಣೆಯ ಜೊತೆಗೆ ನಾವೂ ಎಚ್ಚರವಾಗಿರಬೇಕು ಎನ್ನುತ್ತಾನೆ. ಯಾರು ಯಾವ ಸ್ಥಿತಿಯಲ್ಲಿದ್ದಾರೆಂದು ತಿಳಿಯದೆ ಆ ಮಾತನ್ನು ಪಾಲಿಸಲಾಗದು. ತಿಳಿಯಬೇಕಾದರೆ ಕೇಳಬೇಕು, ಕೇಳಬೇಕಾದರೆ ನಾವು ಸುಮ್ಮನಿರಬೇಕು.

3. ಒಬ್ಬರೇ ಹೋಗಿ

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕ್ರಮ ನಮಗೆಲ್ಲ ಬಾಯಿಪಾಠ. ಮೊದಲು ಒಬ್ಬರೇ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಗೆ. ನಡೆಯುವುದು ಮಾತ್ರ ತಿರುಗುಮುರುಗಾಗಿ. ಮೊದಲು ಕಮಿಟಿಯಲ್ಲಿ ಚರ್ಚೆಯಾಗುತ್ತದೆ, ಆಮೇಲೆ ನಾಲ್ಕೈದು ಜನ ಸೇರಿ, ಕಂಕುಳಲ್ಲಿ ಸತ್ಯವೇದ ಹಿಡಿದು, ಸಂಜೆ ಆರಕ್ಕೆ ಬಾಗಿಲು ತಟ್ಟುತ್ತೇವೆ. ಓಣಿಯವರೆಲ್ಲ ನೋಡುತ್ತಾರೆ. ಒಳಗಿದ್ದವರಿಗೆ ಪಂಚಾಯ್ತಿ ಬಂದಂತಾಗುತ್ತದೆ. ಅಲ್ಲಿ ಯಾರೂ ನಿಜ ಹೇಳುವುದಿಲ್ಲ. ತಪ್ಪಾಯಿತು, ಬರುವ ವಾರದಿಂದ ಬರುತ್ತೇವೆ ಎನ್ನುತ್ತಾರೆ, ನಾವೆಲ್ಲ ಪ್ರಾರ್ಥಿಸಿ ಚಹಾ ಕುಡಿದು ಎದ್ದು ಬರುತ್ತೇವೆ. ಆ ಮನೆಯ ಬಾಗಿಲು ಅಲ್ಲಿಗೆ ಮುಚ್ಚಿತು.

ಒಬ್ಬ ಹಳೆಯ ವಿದ್ಯಾರ್ಥಿ ನನ್ನನ್ನು ಕಂಡ ಕೂಡಲೇ ಹೇಳಿದ: "ಅಕ್ಕೋರ, ಬರ್ರಿ, ಕುಂದರ್ರಿ, ಚಾ ಕುಡೀರಿ. ಆದ್ರ ಚರ್ಚಿನ ಮಾತು ಮಾತ್ರ ಬ್ಯಾಡ್ರಿ." "ಆತಪ್ಪಾ, ಚಾ ಕೊಡು," ಎಂದೆ. ಅಂದು ಅವನ ಅಂಗಡಿಯ ಬಗ್ಗೆ, ಮಗಳ ಶಾಲೆಯ ಬಗ್ಗೆ ಮಾತಾಡಿ ಬಂದೆ. ಮುಂದಿನ ಭೇಟಿಯಲ್ಲೂ ಅಷ್ಟೇ. ಒಂದು ದಿನ ಅವನೇ ಕೇಳಿದ, "ನೀವ್ಯಾಕ ಒಂದ್ಸಲನೂ ಕೇಳ್ಲಿಲ್ಲ?" ಅದರ ನಂತರ ಅವನು ಹೇಳಿದ್ದನ್ನು ಕೇಳಲು ರಾತ್ರಿ ಊಟದ ಹೊತ್ತು ಮೀರಿತು.

ಪ್ರಶ್ನೆಯ ರೀತಿಯೂ ಮುಖ್ಯ. "ಚರ್ಚಿಗೆ ಯಾಕ ಬರವಲ್ಲಿ?" ಎಂದರೆ ಅವರು ನೆವ ಹುಡುಕಬೇಕಾಗುತ್ತದೆ. "ಹ್ಯಾಂಗ ಅದಿಯವಾ?" ಎಂದರೆ ಅವರು ತಮ್ಮ ಬಗ್ಗೆ ಹೇಳಬಹುದು. ಹೊರಡುವಾಗ ಪ್ರಾರ್ಥನೆ ಮಾಡಲೇ ಎಂದು ಕೇಳಿ. ಬೇಡವೆಂದರೆ ಮುಖ ಸಣ್ಣ ಮಾಡಬೇಡಿ. ಮನೆಗೆ ಬಂದು ಪ್ರಾರ್ಥಿಸಿದರೂ ದೇವರಿಗೆ ಕೇಳಿಸುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಅವರು ನಿಮಗೆ ಹೇಳಿದ್ದನ್ನು ಬುಧವಾರದ ಪ್ರಾರ್ಥನಾ ಕೂಟದಲ್ಲಿ "ಪ್ರಾರ್ಥನೆಯ ವಿಷಯ" ಎಂದು ಹೇಳಬೇಡಿ. ಹೆಸರು ಹೇಳದೆ "ಒಂದು ಕುಟುಂಬಕ್ಕಾಗಿ" ಎಂದರೂ ನಮ್ಮಂಥ ಸಣ್ಣ ಸಭೆಯಲ್ಲಿ ಯಾವ ಕುಟುಂಬವೆಂದು ಎಲ್ಲರಿಗೂ ತಿಳಿಯುತ್ತದೆ. ಪ್ರಾರ್ಥನೆಯ ಹೆಸರಿನಲ್ಲಿ ಹರಡಿದ ಮಾತಿನಿಂದ ಸಭೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರನ್ನು ಮತ್ತೆ ಮಾತಾಡಿಸುವುದು ಎಲ್ಲಕ್ಕಿಂತ ಕಷ್ಟ. ಹಾಗೆಯೇ, ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ವಾಕ್ಯ ಕಳಿಸುವುದನ್ನು ಭೇಟಿ ಎಂದುಕೊಳ್ಳಬೇಡಿ.

4. ಪ್ರಶ್ನೆ ಕೇಳುವವರನ್ನು ವಾದದಲ್ಲಿ ಸೋಲಿಸಬೇಡಿ

ಇಂಜಿನಿಯರಿಂಗ್ ಓದಿದ ಹುಡುಗರು, ಡಾಕ್ಟರಾಗಲು ಹೊರಟ ಹುಡುಗಿಯರು ಕೇಳುವ ಪ್ರಶ್ನೆಗಳು ಹಗುರವಾದವಲ್ಲ. ಒಳ್ಳೆಯವರಿಗೇ ಯಾಕೆ ಕಷ್ಟ? ನಮ್ಮ ಪಕ್ಕದ ಮನೆಯ ದೇವಭಕ್ತ ಲಿಂಗಾಯತ ಅಜ್ಜಿಯ ಗತಿ ಏನು? ಆದಿಕಾಂಡದ ಆರು ದಿನಗಳೆಂದರೇನು? ಈ ಪ್ರಶ್ನೆಗಳನ್ನು ಸೈತಾನನ ಕೆಲಸ ಎಂದು ತಳ್ಳಿದರೆ, ಉತ್ತರವಿಲ್ಲವೆಂದು ನಾವೇ ಅವರಿಗೆ ಹೇಳಿಕೊಟ್ಟಂತೆ.

ನಾಲ್ಕನೆಯ ಶತಮಾನದ ಉತ್ತರ ಆಫ್ರಿಕಾದಲ್ಲಿ ಮೋನಿಕಾ ಎಂಬ ತಾಯಿ ತನ್ನ ಮಗ ಅಗಸ್ಟಿನ್ ಮಾನಿ ಎಂಬವನ ಪಂಥಕ್ಕೆ ಸೇರಿದನೆಂದು ಅತ್ತಳು. ಒಬ್ಬ ಬಿಷಪ್ಪರ ಹತ್ತಿರ ಹೋಗಿ, ಮಗನ ಜೊತೆ ವಾದಿಸಿ ಅವನ ತಪ್ಪು ತೋರಿಸಿ ಎಂದು ಬೇಡಿಕೊಂಡಳು. ಆ ಬಿಷಪ್ ಒಪ್ಪಲಿಲ್ಲ. ಅವರೇ ಬಾಲ್ಯದಲ್ಲಿ ಅದೇ ಪಂಥದಲ್ಲಿ ಬೆಳೆದವರು, ಆ ಪಂಥದ ಪುಸ್ತಕಗಳನ್ನು ಓದಿ ಓದಿ ತಾವಾಗಿಯೇ ಹೊರಗೆ ಬಂದವರು. ಹೊಸದರ ಅಮಲಿನಲ್ಲಿದ್ದಾನೆ, ಈಗ ಕಲಿಯುವ ಮನಸ್ಸಿಲ್ಲ, ಅವನನ್ನು ಬಿಡು, ಅವನಿಗಾಗಿ ಪ್ರಾರ್ಥಿಸು ಎಂಬುದು ಅವರ ಸಲಹೆಯ ಸಾರ. ಮುಂದೆ ಮಿಲಾನಿನಲ್ಲಿ ಅಗಸ್ಟಿನ್ ಬಿಷಪ್ ಆಂಬ್ರೋಸರನ್ನು ಕಂಡ. ಮೊದಲು ಅವನನ್ನು ಸೆಳೆದದ್ದು ಅವರ ಬೋಧನೆಯಲ್ಲ, ತನ್ನನ್ನು ದಯೆಯಿಂದ ಕಂಡ ಮನುಷ್ಯ ಎಂಬುದು ಎಂದು ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. 387ರ ಈಸ್ಟರಿನಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಮೋನಿಕಾಳ ಕಣ್ಣೀರಿನ ಬಗ್ಗೆ ನಮ್ಮಲ್ಲಿ ಎಷ್ಟೋ ಪ್ರಸಂಗಗಳಾಗಿವೆ. ವಾದಿಸಲು ನಿರಾಕರಿಸಿದ ಆ ಬಿಷಪ್ಪರ ಬಗ್ಗೆ ಯಾರೂ ಹೇಳುವುದಿಲ್ಲ. ನನಗೆ ಅವರೇ ಹೆಚ್ಚು ಕಲಿಸಿದ್ದಾರೆ.

ತೋಮನನ್ನು ನೆನೆಯಿರಿ. ಉಳಿದ ಶಿಷ್ಯರು ಕರ್ತನನ್ನು ಕಂಡೆವೆಂದರು, ಅವನು ನಂಬಲಾರೆ ಎಂದ. ಎಂಟು ದಿನಗಳ ಮೇಲೆ ಯೇಸು ಮತ್ತೆ ಬಂದಾಗ ತೋಮ ಅವರ ಜೊತೆಯಲ್ಲೇ ಇದ್ದ. ಆ ಎಂಟು ದಿನ ಅವನನ್ನು ಯಾರೂ ಹೊರಗೆ ಕಳಿಸಿರಲಿಲ್ಲ. ಸಂಶಯಪಡುವವರು ನಮ್ಮ ನಡುವೆಯೇ ಕುಳಿತು ಸಂಶಯಪಡಲು ಜಾಗ ಇರಬೇಕು. ಉತ್ತರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ, ಓದಿದವರು ಯಾರಿದ್ದಾರೆಂದು ಹುಡುಕಿ, ಅವರ ಹತ್ತಿರ ಜೊತೆಯಾಗಿ ಹೋಗಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ, ಅಲ್ಲಿ ಕಲಿತು ಬಂದ ಅಯ್ಯನವರು ನಮ್ಮ ಸಭೆಗಳಲ್ಲಿದ್ದಾರೆ. ಯೋಬನ ಗ್ರಂಥವನ್ನೂ 88ನೆಯ ಕೀರ್ತನೆಯನ್ನೂ ಪ್ರಶ್ನೆ ಕೇಳುವವರಿಗೆ ಓದಲು ಕೊಡಿ. ದೇವರ ಮೇಲೆ ಇಷ್ಟು ಕಟುವಾದ ದೂರು ಸತ್ಯವೇದದೊಳಗೇ ಇದೆ ಎಂದು ಎಷ್ಟೋ ಯುವಕರಿಗೆ ಗೊತ್ತೇ ಇರುವುದಿಲ್ಲ.

5. ತಪ್ಪು ಸಭೆಯದ್ದಾಗಿದ್ದರೆ ಅದನ್ನು ಹಾಗೆಯೇ ಹೇಳಿ

ಚುನಾವಣೆಯ ಗುಂಪುಗಾರಿಕೆ, ಆಸ್ತಿಯ ಜಗಳ, ಕೋರ್ಟು ಕಟ್ಟೆ. ಸಭಾ ಸಮಿತಿಯಲ್ಲಿ ಕೂಗಾಡಿದ ಅಪ್ಪ ಮನೆಗೆ ಬಂದು ಪ್ರಾರ್ಥನೆ ನಡೆಸುವುದನ್ನು ನೋಡಿದ ಮಗ ಏನು ಕಲಿಯುತ್ತಾನೆ? ಇನ್ನು ಜಾತಿ. ಎಲ್ಲರೂ ಒಂದೇ ಪಾತ್ರೆಯಿಂದ ಕುಡಿದು, ಮದುವೆಯ ಮಾತು ಬಂದಾಗ ಅವರ ಮುತ್ತಜ್ಜ ಯಾವ ಜಾತಿಯಿಂದ ಬಂದವರು ಎಂದು ಕೇಳುವ ಮನೆಗಳಿವೆ. ಆ ಪ್ರಶ್ನೆಯಿಂದ ಅವಮಾನವಾಗಿ ಸಭೆ ಬಿಟ್ಟ ಕುಟುಂಬವೊಂದು ನನಗೆ ಗೊತ್ತು. ಅವರಿಗೆ ನಾನು ಕ್ಷಮಿಸಿ, ಮರೆತುಬಿಡಿ ಎಂದು ಹೇಳಲಿಲ್ಲ. ನಡೆದದ್ದು ಪಾಪ, ಅದನ್ನು ಮಾಡಿದವರು ನಮ್ಮವರು ಎಂದೆ. ಮನೆಯ ಹಿರಿಯ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷದಾಗ ಯಾರರ ಒಬ್ರು ಇದನ್ನ ಹೇಳಿದ್ರಲ್ಲ," ಎಂದರು.

ಅದಕ್ಕಿಂತ ಘೋರವಾದದ್ದೂ ಇರುತ್ತದೆ. ಸಭೆಯ ನಾಯಕನೊಬ್ಬನಿಂದ, ಶಿಕ್ಷಕನಿಂದ ಮಗುವಿಗೆ ಲೈಂಗಿಕ ಹಿಂಸೆ ಆಗಿದೆ ಎಂದು ತಿಳಿದರೆ ಅಲ್ಲಿ ಸಂಧಾನಕ್ಕೆ ಜಾಗವಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098. ಹಾಗೆ ಗಾಯಗೊಂಡವರಿಗೆ ಮತ್ತೆ ಅದೇ ಬಾಗಿಲೊಳಗೆ ಬಾ ಎನ್ನುವ ಹಕ್ಕು ನಮಗಿಲ್ಲ. ಅವರಿಗೆ ನ್ಯಾಯ ಸಿಗುವವರೆಗೆ ಅವರ ಪಕ್ಕದಲ್ಲಿ ನಿಲ್ಲುವುದೇ ಅಲ್ಲಿ ಸುವಾರ್ತೆ.

6. ಹೊಟ್ಟೆಪಾಡನ್ನು ದ್ರೋಹ ಎನ್ನಬೇಡಿ

1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗಿದ್ದಾರೆ. ಇದರ ಬಿಸಿ ಮೇಲಿನವರಿಗೆ ತಟ್ಟುವುದಿಲ್ಲ. ಅಣ್ಣ ತಮ್ಮಂದಿರಲ್ಲಿ ಒಬ್ಬ ಜಾತಿ ಸರ್ಟಿಫಿಕೇಟಿನಿಂದ ಸರ್ಕಾರಿ ನೌಕರಿ ಹಿಡಿದ, ಇನ್ನೊಬ್ಬ ದೀಕ್ಷಾಸ್ನಾನ ಮಾಡಿಸಿಕೊಂಡು ಕೂಲಿಗೆ ಹೋಗುತ್ತಾನೆ. ಅಂಥ ಮನೆಯ ಹುಡುಗನೊಬ್ಬ ಚರ್ಚಿನ ಕಡೆ ಸುಳಿಯುವುದನ್ನು ನಿಲ್ಲಿಸಿದರೆ, ಹಣಕ್ಕಾಗಿ ಕ್ರಿಸ್ತನನ್ನು ಮಾರಿದ ಎಂದು ವೇದಿಕೆಯಿಂದ ಹೇಳುವುದು ಕ್ರೌರ್ಯ. ಸುಳ್ಳು ಹೇಳು ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅವನ ಮೇಲೆ ಈ ಆಯ್ಕೆಯನ್ನು ಹೊರಿಸಿದ ಕಾನೂನೇ ಅನ್ಯಾಯದ್ದು, ಅದನ್ನು ನಾವೆಲ್ಲ ಸೇರಿ ಪ್ರಶ್ನಿಸಬೇಕು ಎನ್ನುತ್ತೇನೆ.

ನಿಕೊದೇಮ ರಾತ್ರಿಯಲ್ಲಿ ಯೇಸುವಿನ ಬಳಿಗೆ ಬಂದ. ಯೇಸು ಅವನನ್ನು ಹಗಲಿನಲ್ಲಿ ಬಾ ಎಂದು ಹಿಂದಕ್ಕೆ ಕಳಿಸಲಿಲ್ಲ. ಶಿಲುಬೆಯ ದಿನ, ಶಿಷ್ಯರು ಚದರಿಹೋಗಿದ್ದಾಗ, ಸುಗಂಧದ್ರವ್ಯ ಹೊತ್ತು ಬಂದವನು ಇದೇ ನಿಕೊದೇಮ. ರಾತ್ರಿ ಬರುವವರಿಗೆ ನಿಮ್ಮ ಮನೆಯ ಬಾಗಿಲು ತೆರೆದಿರಲಿ.

7. ಮನಸ್ಸಿನ ಕಾಯಿಲೆಯನ್ನು ಅವಿಶ್ವಾಸ ಎಂದುಕೊಳ್ಳಬೇಡಿ

"ದೇವರು ನನ್ನ ಕೈಬಿಟ್ಟಾನ," "ನಂದು ಕ್ಷಮಿಸಲಾರದ ಪಾಪ," ಎಂದು ಒಬ್ಬರು ಹೇಳುತ್ತಿದ್ದಾರೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸ್ನಾನಕ್ಕೂ ಏಳುವುದಿಲ್ಲ. ಇವರಿಗೆ ಉಪವಾಸ ಪ್ರಾರ್ಥನೆ, ರಾತ್ರಿಯಿಡೀ ಜಾಗರಣೆ, ದೆವ್ವ ಬಿಡಿಸುವುದು ಇವೆಲ್ಲ ಮಾಡಿಸಿ ಸ್ಥಿತಿ ಕೆಡಿಸಿದ್ದನ್ನು ನೋಡಿದ್ದೇನೆ. ಎಲೀಯನು ಸಾವು ಬೇಡಿ ಮರದ ಕೆಳಗೆ ಮಲಗಿದಾಗ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಪ್ರಶ್ನೆ ಬಂದದ್ದು ಎಷ್ಟೋ ದಿನಗಳ ನಂತರ.

ಇಂಗ್ಲೆಂಡಿನ ಕವಿ ವಿಲಿಯಂ ಕೌಪರ್ 1773ರಲ್ಲಿ ಇಂಥದೇ ಕತ್ತಲೆಗೆ ಬಿದ್ದ. ದೇವರು ತನ್ನನ್ನು ತಿರಸ್ಕರಿಸಿದ್ದಾನೆಂದು ಅವನಿಗೆ ಖಚಿತವಾಗಿಹೋಯಿತು. ಓಲ್ನಿ ಎಂಬ ಊರಿನ ಸಭಾಪಾಲಕ ಜಾನ್ ನ್ಯೂಟನ್ ಅವನನ್ನು ತನ್ನ ಮನೆಯಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇರಿಸಿಕೊಂಡ. ಕೌಪರ್ ಆಮೇಲೆ ಆರಾಧನೆಗೆ ಹೋಗುವುದನ್ನೇ ಬಿಟ್ಟ. ನ್ಯೂಟನ್ ಅವನನ್ನು ಬಿಡಲಿಲ್ಲ. 1779ರಲ್ಲಿ ಇಬ್ಬರ ಗೀತೆಗಳೂ ಸೇರಿ ಪುಸ್ತಕವಾದವು, ಇಂದಿಗೂ ಸಭೆಗಳು ಕೌಪರನ ಗೀತೆಗಳನ್ನು ಹಾಡುತ್ತವೆ. 1800ರಲ್ಲಿ ಅವನು ಸಾಯುವವರೆಗೂ ಆ ಸ್ನೇಹ ಉಳಿದಿತ್ತು.

ನಮಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಜೊತೆಗೆ ಹೋಗಿ, ಗುಳಿಗೆ ನುಂಗಿದರೋ ಇಲ್ಲವೋ ಕೇಳಿ. ಸಾಯುವ ಮಾತಾಡುತ್ತಿದ್ದರೆ ಒಬ್ಬರನ್ನೇ ಬಿಟ್ಟು ಬರಬೇಡಿ.

8. ಮಣ್ಣಿನ ಮಾತು, ಮದುವೆಯ ಮಾತು ಎತ್ತಿ ಹೆದರಿಸಬೇಡಿ

"ನಾಳೆ ನಿನ್ನ ಮಣ್ಣಿಗೆ ಯಾರು ಬರ್ತಾರ?" ನಮ್ಮ ಕಡೆ ದೂರ ಸರಿದವರಿಗೆ ಹೇಳುವ ಮೊದಲ ಮಾತೇ ಇದು. ಸಮಾಧಿ ಜಾಗ ಸಿಗುವುದಿಲ್ಲ, ಮಗಳ ಮದುವೆ ಮಾಡಿಕೊಡುವುದಿಲ್ಲ, ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಹೆದರಿಕೆಗೆ ಕೆಲವರು ಬರುತ್ತಾರೆ, ನಿಜ. ಬಾಕಿ ಚಂದಾ ಕಟ್ಟಿ, ರಸೀದಿ ತೆಗೆದುಕೊಂಡು, ಮಗಳ ಮದುವೆ ಮುಗಿಸಿ ಮತ್ತೆ ಹೋಗುತ್ತಾರೆ. ಅವರ ಮನಸ್ಸಿನಲ್ಲಿ ಸಭೆಯೆಂದರೆ ಒಂದು ಕಚೇರಿಯಾಗಿ ಉಳಿಯುತ್ತದೆ. ತನಗಿಷ್ಟವಾದ ಧರ್ಮವನ್ನು ನಂಬುವ ಸ್ವಾತಂತ್ರ್ಯವನ್ನು ಸಂವಿಧಾನದ 25ನೆಯ ವಿಧಿ ನಮಗೆ ಕೊಟ್ಟ ಹಾಗೆ ಬಿಟ್ಟುಹೋಗುವವರಿಗೂ ಕೊಟ್ಟಿದೆ. ನಮಗೆ ಬೇಕಾದಾಗ ಅದನ್ನು ಹಿಡಿದು, ಅವರಿಗೆ ಬೇಕಾದಾಗ ಮರೆಯುವುದು ಸರಿಯಲ್ಲ. ಕಾಯಿಲೆ ಬಂದಾಗ, ಮಳೆ ತಪ್ಪಿದಾಗ, ಅಪಘಾತವಾದಾಗ, "ನೋಡು, ದೇವರನ್ನ ಬಿಟ್ಟಿದ್ದಕ್ಕ" ಎಂದು ಹೇಳುವವರನ್ನಂತೂ ಆ ಮನೆಗೆ ಕಳಿಸಲೇಬೇಡಿ. ಹಾಗೆ ಹೇಳಿದ ಯೋಬನ ಗೆಳೆಯರಿಗೆ ದೇವರೇ ಕೋಪದಿಂದ ಉತ್ತರ ಕೊಟ್ಟಿದ್ದಾನೆ.

9. ಹೆತ್ತವರಿಗೆ

ನಿಮ್ಮ ಮಗಳು ಬೇರೆ ಧರ್ಮದವನನ್ನು ಮದುವೆಯಾಗುತ್ತಿದ್ದಾಳೆ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕುತ್ತಾಳೆ. ಹೋಗಿ. ಅಲ್ಲಿ ನಿಂತಿರಿ. ನಿಮಗೆ ನೋವಾಗಿದೆ ಎಂದು ಅವಳಿಗೆ ಗೊತ್ತಿದೆ, ಮತ್ತೆ ಮತ್ತೆ ಹೇಳಬೇಕಾಗಿಲ್ಲ. ಮದುವೆಗೆ ಹೋಗದ ತಂದೆತಾಯಿಗೆ ಬಾಣಂತನಕ್ಕೆ ಕರೆ ಬರುವುದಿಲ್ಲ. ಬಾಣಂತನಕ್ಕೆ ಹೋಗದ ಅಜ್ಜಿ ಮೊಮ್ಮಗುವಿಗೆ ಒಂದು ಹಾಡನ್ನೂ ಕಲಿಸಲಾರಳು. ಮಗ ಮನೆಗೆ ಬಂದಾಗ ಊಟದ ಪ್ರಾರ್ಥನೆಯನ್ನು ನೀವು ಎಂದಿನಂತೆ ಮಾಡಿ, ಅವನು ಕಣ್ಣು ಮುಚ್ಚಿದನೋ ಇಲ್ಲವೋ ನೋಡಬೇಡಿ.

10. ಬೇರೆ ಸಭೆಗೆ ಹೋದವರು ದಾರಿ ತಪ್ಪಿದವರಲ್ಲ

ಪೆಂತೆಕೋಸ್ತ್ ಪ್ರಾರ್ಥನಾ ಮಂದಿರಕ್ಕೋ ಇನ್ನೊಂದು ಸಭೆಗೋ ಹೋದವರನ್ನು ದೂರ ಸರಿದವರ ಪಟ್ಟಿಗೆ ಸೇರಿಸಬೇಡಿ. ಅಲ್ಲಿ ಅವರ ಕೈಹಿಡಿದು ಪ್ರಾರ್ಥಿಸುವವರು ಸಿಕ್ಕಿದ್ದಾರೆ. ನಮ್ಮಲ್ಲಿ ಯಾಕೆ ಸಿಗಲಿಲ್ಲ ಎಂದು ನಾವು ಕೇಳಿಕೊಳ್ಳೋಣ. ಹಣ ಸುಲಿಯುವ, ಔಷಧಿ ಬಿಡಿಸುವ ಬೋಧಕನ ಕೈಗೆ ಸಿಕ್ಕಿದ್ದರೆ ಮಾತ್ರ ಎಚ್ಚರಿಸಲೇಬೇಕು.

11. ಶಿಸ್ತು ಇರಲಿ, ಹಿಂದಿರುಗುವ ದಾರಿಯೂ ಇರಲಿ

ಇಷ್ಟೆಲ್ಲ ಓದಿ, ಪಾಪವನ್ನು ಪಾಪ ಎನ್ನಬೇಡಿ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಹೆಂಡತಿಯನ್ನು ಹೊಡೆಯುವವನಿಗೆ, ಸಭೆಯ ಹಣ ತಿಂದವನಿಗೆ ಸೌಮ್ಯ ಮಾತು ಸಾಲದು. ಬಾಸೆಲ್ ಮಿಶನ್ ಕಾಲದ ಸಭೆಗಳಲ್ಲಿ ಅಂಥವರನ್ನು ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ಪೌಲನೂ ಕೊರಿಂಥದ ಸಭೆಗೆ ಒಬ್ಬನ ವಿಷಯದಲ್ಲಿ ಕಠಿಣವಾಗಿ ಬರೆದ. ಅದೇ ಸಭೆಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಶಿಕ್ಷೆ ಅನುಭವಿಸಿದ ಒಬ್ಬನಿಗೆ ಇಷ್ಟು ಸಾಕು, ಇನ್ನು ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲಿ ಮುಳುಗಿಹೋದಾನು ಎಂಬರ್ಥದ ಮಾತು ಬರೆದ. ನಮ್ಮವರು ಮೊದಲನೆಯ ಪತ್ರಿಕೆಯನ್ನು ಚೆನ್ನಾಗಿ ಓದಿಕೊಂಡಿದ್ದಾರೆ.

ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಆದಿಸಭೆಗೂ ಬಂತು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೊಂದು ಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಸಾವಿರಾರು ಕ್ರೈಸ್ತರು ಹೆದರಿ ಬಲಿ ಕೊಟ್ಟರು, ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಪತ್ರ ಕೊಂಡರು. ಹಿಂಸೆ ತಗ್ಗಿದ ಮೇಲೆ ಅವರು ಮರಳಿ ಬಂದು ಬಾಗಿಲಲ್ಲಿ ನಿಂತರು. ರೋಮಿನ ನೊವಾಷಿಯನ್ ಇವರಿಗೆ ಸಭೆಯಲ್ಲಿ ಇನ್ನು ಜಾಗವಿಲ್ಲ ಎಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ 251ರಲ್ಲಿ ಸುತ್ತಲಿನ ಬಿಷಪ್ಪರನ್ನು ಸೇರಿಸಿ ಒಬ್ಬೊಬ್ಬರ ವಿಷಯವನ್ನೂ ಬೇರೆ ಬೇರೆಯಾಗಿ ವಿಚಾರಿಸಲು ತೀರ್ಮಾನಿಸಿದ. ಪತ್ರ ಕೊಂಡವರಿಗೆ ಬೇಗ, ಬಲಿ ಕೊಟ್ಟವರಿಗೆ ದೀರ್ಘ ಪಶ್ಚಾತ್ತಾಪದ ನಂತರ. ಮತ್ತೆ ಹಿಂಸೆಯ ಮೋಡ ಕವಿದಾಗ ಅವರನ್ನೂ ಸೇರಿಸಿಕೊಂಡರು. ಸಿಪ್ರಿಯನ್ 258ರಲ್ಲಿ ಹುತಾತ್ಮನಾದ. ಪ್ರಾಣ ಕೊಡಲು ಸಿದ್ಧನಿದ್ದವನೇ ಪ್ರಾಣಭಯದಿಂದ ಬಿದ್ದವರಿಗೆ ದಾರಿ ತೆರೆದ.

ದೂರ ಸರಿದವರು ಹಿಂದಿರುಗಿ ಬಂದ ಭಾನುವಾರ ಏನು ಮಾಡಬೇಕೆಂಬುದನ್ನು ಸಭೆಗೆ ಮೊದಲೇ ಕಲಿಸಿರಬೇಕು. "ಏನ್ ಅಪರೂಪ!" ಎನ್ನಬಾರದು. ಮುಂದೆ ಕರೆದು ಸಾಕ್ಷಿ ಹೇಳಿಸಬಾರದು. ಅಂದೇ ಯಾವ ಕಮಿಟಿಗೂ ಸೇರಿಸಬಾರದು. ಒಬ್ಬರು ಪಕ್ಕದಲ್ಲಿ ಕೂತು ಹಾಡಿನ ನಂಬರ್ ತೋರಿಸಿದರೆ ಸಾಕು. ಕುಡಿತ ಬಿಟ್ಟು ಬಂದವರು ಮತ್ತೆ ಜಾರುತ್ತಾರೆ, ಆಗಲೂ ಮೊದಲ ಸಲದಷ್ಟೇ ತಾಳ್ಮೆ ಬೇಕು.

12. ಕೆಲವರು ಬರುವುದಿಲ್ಲ

ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಮಾರ್ಕ, ದೇಮ ಎಂಬ ಇಬ್ಬರ ಹೆಸರೂ ಒಂದೇ ವಚನದಲ್ಲಿವೆ. ಮಾರ್ಕ ಹಿಂದೊಮ್ಮೆ ಪ್ರಯಾಣದ ನಡುವೆ ಬಿಟ್ಟುಹೋದವನು. ಪೌಲ ಅವನನ್ನು ಮತ್ತೆ ಕರೆದೊಯ್ಯಲು ಒಪ್ಪದಿದ್ದಾಗ ಬಾರ್ನಬ ತನ್ನ ಜೊತೆ ಕರೆದುಕೊಂಡು ಹೋದ. ಸಾವಿನ ಮುಂದೆ ಪೌಲ ತಿಮೊಥೆಯನಿಗೆ ಬರೆಯುವಾಗ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಎಂಬ ಅರ್ಥದಲ್ಲಿ ಬರೆದ. ಅದೇ ಪತ್ರಿಕೆಯಲ್ಲಿ ದೇಮ ತನ್ನನ್ನು ಬಿಟ್ಟುಹೋದ ಸುದ್ದಿಯೂ ಇದೆ. ದೇಮನ ಮುಂದಿನ ಕಥೆ ಸತ್ಯವೇದದಲ್ಲಿಲ್ಲ. ಬಾರ್ನಬನಂಥ ಒಬ್ಬರು ಜೊತೆಗಿದ್ದರೂ ಕೆಲವರು ಬಾರದೆ ಉಳಿಯಬಹುದು. ಅವರ ಜೊತೆಗಿನ ಸ್ನೇಹ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ನಾನು ಭೇಟಿ ಮಾಡುವವರಲ್ಲಿ ಚರ್ಚಿಗೆ ಎಂದೂ ಬಾರದವರಿದ್ದಾರೆ. ಹಬ್ಬಕ್ಕೆ ಅವರ ಮನೆಗೆ ಕರ್ಜಿಕಾಯಿ ಹೋಗುತ್ತದೆ, ಅವರ ಮನೆಯಿಂದ ನನ್ನ ಮನೆಗೆ ಹೋಳಿಗೆ ಬರುತ್ತದೆ.

ಸಭೆಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ವಾರ್ಷಿಕ ಮಹಾಸಭೆಗೆ ಮೊದಲು ರಿಜಿಸ್ಟರ್ ತಿದ್ದುವಾಗ, ಚಂದಾ ಬಾಕಿ ಇರುವ, ಬಹಳ ಕಾಲದಿಂದ ಕಾಣದ ಹೆಸರುಗಳನ್ನು ಹೊಡೆದುಹಾಕುತ್ತೀರಿ. ಒಂದು ಹೆಸರಿನ ಮೇಲೆ ಗೆರೆ ಎಳೆಯುವ ಮೊದಲು ನಿಮ್ಮಲ್ಲಿ ಒಬ್ಬರು ಆ ಮನೆಗೆ ಹೋಗಿ ಬನ್ನಿ. ರಸೀದಿ ಪುಸ್ತಕ ತೆಗೆದುಕೊಂಡು ಹೋಗಬೇಡಿ.